ಕೂಲಿ ಕೇಳದ ಕೆಲಸಗಾರರು
ಮಳೆಗಾಲದಲ್ಲಿ ಬಾಳೆಹೊನ್ನೂರು ಕಡೆಯ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ಎಲೆ ಕೊಳೆಯುವ ವಾಸನೆ ಬರುತ್ತಲ್ಲ, ಅದರ ಹಿಂದೆ ಸೂಕ್ಷ್ಮಜೀವಿಗಳ ದೊಡ್ಡ ಕೆಲಸ ನಡೀತಿರುತ್ತದೆ. ಕೆಲವು ಶಿಲೀಂಧ್ರಗಳು ಲ್ಯಾಕೇಸ್‌ನಂಥ ಕಿಣ್ವ ಬಿಟ್ಟು ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ನನ್ನೇ ಒಡೆಯುತ್ತವೆ. ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರದಿಂದ ಬಂದ ಕಾಫಿ ಬೀಜವನ್ನು ತೊಟ್ಟಿಯಲ್ಲಿ ಬಿಟ್ಟರೆ ಲೋಳೆ ಕರಗಿಸುವುದೂ ಸೂಕ್ಷ್ಮಜೀವಿಗಳ ಕಿಣ್ವಗಳೇ. ಆದರೆ ಮಣ್ಣಿನ ಬಹುಪಾಲು ಜೀವಿಗಳು ಲ್ಯಾಬಿನಲ್ಲಿ ಸುಲಭಕ್ಕೆ ಬೆಳೆಯುವುದಿಲ್ಲ. ಅದಕ್ಕೇ ಅವುಗಳ ಉಪಯುಕ್ತ ಕಿಣ್ವ ಹುಡುಕಲು ಕಾಡು ಬಲ್ಲವರು, ಡಿಎನ್‌ಎ ಓದುವವರು, ಕಿಣ್ವ ಪರೀಕ್ಷಿಸುವವರು ಒಟ್ಟಿಗೆ ಸೇರಬೇಕು, ಅಲ್ವಾ? ಅಮೆರಿಕದ ಯೆಲ್ಲೊಸ್ಟೋನ್ ಬಿಸಿನೀರ ಬುಗ್ಗೆಯಲ್ಲಿ 1966ರಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಕಿಣ್ವವೇ ಮುಂದೆ ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಟೆಸ್ಟಿಗೆ ಆಧಾರವಾಯಿತು, ಆ ಪಾರ್ಕಿಗೆ ಮಾತ್ರ ಲಾಭದಲ್ಲಿ ಪಾಲು ಸಿಗಲಿಲ್ಲ. ನಮ್ಮಲ್ಲಿ ಇಂಥ ಲಾಭವನ್ನು ನ್ಯಾಯವಾಗಿ ಹಂಚಬೇಕು ಎನ್ನುವ 2002ರ ಜೀವವೈವಿಧ್ಯ ಕಾಯ್ದೆ ಇದೆ. ಫೈಲ್ ಓಡಾಟ ಜಾಸ್ತಿ ಆದರೂ ನನಗಂತೂ ಅದು ಬೇಕು ಅನಿಸುತ್ತದೆ.