ಮುಂದಲೆಗೆ ಮೂರು ಬಣ್ಣ

ವರ್ಷದ ತಿರುಗಾಟ ಮುಗಿಸುವ ಪತ್ತನಾಜೆಯ ದಿನ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನನ್ನ ಸೋದರಮಾವನಿಗೆ ಕೈ ಸುಮ್ಮನಿರುವುದಿಲ್ಲ. ಮದ್ದಳೆಗಾರರು. ಇಡೀ ತಿರುಗಾಟ ನಿದ್ದೆಗೆಟ್ಟವರು ಮಳೆಗಾಲದಲ್ಲಾದರೂ ಮಲಗಬೇಕಲ್ಲ? ಇಲ್ಲ. ಉಡುಪಿಯ ನಮ್ಮ ಮನೆಗೆ ಬಂದು, ನನ್ನ ಚರ್ಮದ ಕೆಲಸದ ಎದುರು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಈ ಸಲ ಬಂದದ್ದು ಬೇಡಿಕೆ ಹೊತ್ತುಕೊಂಡು. ಮಗ ಮುಂದಿನ ತಿರುಗಾಟದಲ್ಲಿ ಅಭಿಮನ್ಯುವಿನ ವೇಷ ಮಾಡುತ್ತಾನೆ, ಅವನ ಬಣ್ಣದ ಸಾಮಾನು ಇಟ್ಟುಕೊಳ್ಳಲು ಒಂದು ಚರ್ಮದ ಚೀಲ ಬೇಕು, ಅದರ ಮುಚ್ಚಳದ ಮೇಲೆ ಆ ವೇಷದ ತಲೆಯುಡುಗೆಯಾದ ಕೇದಗೆ ಮುಂದಲೆಯ ಚಿತ್ರ ಇರಬೇಕು.

"ಕಪ್ಪು ನೆಲ, ಹಳದಿ ಪಟ್ಟಿ, ಕೆಂಪು ಅಂಚು. ಒಂದು ಇನ್ನೊಂದಕ್ಕೆ ತಾಗಬಾರದು" ಎಂದರು.

ಮಳೆ ಸುರಿಯುವ ಆಟಿ ತಿಂಗಳಲ್ಲಿ, ಚರ್ಮಕ್ಕೆ, ಮೂರು ಬಣ್ಣ! ಮಳೆಗೆ ಚರ್ಮ ಹೇಗೆ ವರ್ತಿಸುತ್ತದೆ ಎಂದು ಮದ್ದಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಕೇಳಿದರು.

ಬಣ್ಣದ ಮಾತು ಬರುವ ಹೊತ್ತಿಗೆ ಕೆತ್ತನೆ ಮುಗಿದಿತ್ತು. ಇದಕ್ಕೆ ತೊಗಟೆಯಲ್ಲಿ ಹದ ಮಾಡಿದ ಚರ್ಮವೇ ಆಗಬೇಕು. ಕ್ರೋಮ್ ಹಾಕಿ ಹದ ಮಾಡಿದ್ದರ ಮೇಲೆ ಎಷ್ಟು ಒತ್ತಿದರೂ ಗುರುತು ಮತ್ತೆ ಉಬ್ಬಿಕೊಳ್ಳುತ್ತದೆ. ದಕ್ಷಿಣ ಭಾರತದಲ್ಲಿ ತಂಗಡಿ ಗಿಡದ ತೊಗಟೆ, ಅಳಲೆಕಾಯಿಗಳಿಂದ ಚರ್ಮ ಹದ ಮಾಡುವುದು ಹಳೆಯ ಪದ್ಧತಿ. ಅಂಥ ಚರ್ಮವನ್ನು ನೀರಿನಿಂದ ತುಸು ತೇವ ಮಾಡಿ, ಬೆರಳಿನಲ್ಲಿ ತಿರುಗುವ ಪುಟ್ಟ ಚಾಕುವಿನಿಂದ ಗೆರೆ ಕೊಯ್ದು, ಗೆರೆಯ ಒಂದು ಬದಿಯನ್ನು ಉಳಿಯಿಂದ ಒತ್ತಿ ತಗ್ಗಿಸಿದರೆ ಇನ್ನೊಂದು ಬದಿ ಎದ್ದು ನಿಲ್ಲುತ್ತದೆ. ಬಣ್ಣ ಹಚ್ಚುವ ದಿನ ಎಲ್ಲರೂ ನೋಡುವುದು ಕುಂಚ ಹಿಡಿದ ಕೈ ನಡುಗುತ್ತದೆಯೇ ಎಂದು. ನನಗೆ ಅದರಲ್ಲಿ ನಂಬಿಕೆ ಇಲ್ಲ. ಬಣ್ಣ ಚರ್ಮದ ನಾರಿನಲ್ಲಿ ಅಡ್ಡಡ್ಡ ಹರಿಯುತ್ತದೆ. ಚಾಕು ಆ ನಾರನ್ನು ಕಡಿದಿದ್ದರೆ ಅಲ್ಲಿಗೆ ಬಂದು ನಿಲ್ಲುತ್ತದೆ. ಕೊಯ್ತ ಎಲ್ಲಿ ಆಳವಾಗಿಲ್ಲವೋ ಅಲ್ಲಿ ಎಂಥ ಸ್ಥಿರ ಕೈ ಇದ್ದರೂ ದಾಟುತ್ತದೆ. ಅಂಚು ಕುಂಚಕ್ಕೆ ಬಹಳ ಮೊದಲೇ ತೀರ್ಮಾನವಾಗಿರುತ್ತದೆ.

ಇನ್ನು ಒಣಗಿಸುವುದು. ತೇವ ಉಳಿದ ಚರ್ಮದಲ್ಲಿ ಸ್ಪಿರಿಟ್ಟಿನ ಬಣ್ಣ ಬೇಕಾದ ಕಡೆ ನಿಲ್ಲದೆ ಹರಡುತ್ತದೆ. ಮಾವನಿಗೆ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿಡುವ ಆಸೆ. ಬೇಡ ಎಂದೆ, ಬಿಸಿಗೆ ಚರ್ಮ ಬಿರುಸಾಗುತ್ತದೆ. ಫ್ಯಾನಿನ ಕೆಳಗೆ, ಹಿಂಬದಿಯ ಜಗಲಿಯಲ್ಲಿ ಇಟ್ಟೆ. (ಚರ್ಮವನ್ನು ದೇವರ ಕೋಣೆಯ ಬಾಗಿಲು ದಾಟಿಸಬಾರದೆಂಬುದು ಅಜ್ಜಿಯ ಕಟ್ಟಳೆ. ಮಾವನ ಮದ್ದಳೆಗೆ ಮಾತ್ರ ವಿನಾಯಿತಿ, ಯಾಕೆಂದು ಕೇಳುವ ಧೈರ್ಯ ಯಾರಿಗೂ ಇಲ್ಲ.) ಕೆನ್ನೆಗೆ ತಾಗಿಸಿ ನೋಡಿದರೆ ತಣ್ಣಗಿದ್ದಷ್ಟು ದಿನ ಒಳಗೆ ನೀರಿದೆ ಎಂದೇ ಅರ್ಥ. ಮಾವ ದಿನವೂ ಬೆಳಿಗ್ಗೆ ಕಾಫಿಗೆ ಮೊದಲು ಆ ಮುಚ್ಚಳವನ್ನು ಕೆನ್ನೆಗೆ ಒತ್ತಿಕೊಂಡು, "ಇವತ್ತಿಲ್ಲ" ಎಂದು ತೀರ್ಪು ಕೊಡುತ್ತಿದ್ದರು. ಅವರು ತಲೆ ಆಡಿಸಿದ ದಿನವೇ ಬಾಟಲಿ ತೆರೆದೆ.

ಮೊದಲು ಹಳದಿ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ ಎಂಬ ನಿಯಮಕ್ಕೆ ಕಾರಣ ಸರಳ: ಈ ಬಣ್ಣಗಳು ಮುಚ್ಚುವುದಿಲ್ಲ, ಇಂಗುತ್ತವೆ. ಹಳದಿ ಜಾರಿ ಕೆಂಪಿನ ಜಾಗಕ್ಕೆ ಹೋದರೆ ಕೆಂಪು ಅದನ್ನು ನುಂಗುತ್ತದೆ; ಕೆಂಪು ಹಳದಿಗೆ ಹೋದರೆ ಅದರ ಮೇಲೆ ಎಷ್ಟು ಹಳದಿ ಸುರಿದರೂ ಪ್ರಯೋಜನವಿಲ್ಲ. "ವೇಷ ಕಟ್ಟುವ ಚೌಕಿಯಲ್ಲಿಯೂ ಹೀಗೆಯೇ. ಮುಖಕ್ಕೆ ಮೊದಲು ತಳದ ಬಣ್ಣ, ಕಪ್ಪು ಗೆರೆ ಕಡೆಗೆ" ಎಂದು ಮಾವ ಒಪ್ಪಿದರು. ಚರ್ಮದ ಸ್ವಂತ ಕಂದು ಸೇರುವುದರಿಂದ ಹಳದಿ ಅರಸಿನದಷ್ಟು ಉಜ್ವಲವಾಗುವುದಿಲ್ಲ, ಸ್ವಲ್ಪ ಕಾವಿಯ ಕಡೆಗೆ ವಾಲುತ್ತದೆ. ಬಿಳಿಯಂತೂ ಈ ಬಗೆಯ ಬಣ್ಣದಲ್ಲಿ ಸಾಧ್ಯವೇ ಇಲ್ಲ. ಮಲ್ಲಿಗೆ ದಂಡೆಯೂ ಇರಲಿ ಎಂದು ಅತ್ತೆ ಹೇಳಿದ್ದನ್ನು ನಾನು ಕೇಳಿಸಿಕೊಳ್ಳದಂತೆ ಇದ್ದದ್ದು ಅದಕ್ಕೇ.

ಹಳದಿ ಒಣಗಿದ ಮೇಲೆ ಅದಕ್ಕೆ ಪಾರದರ್ಶಕ ತಡೆಲೇಪವನ್ನು ತೆಳ್ಳಗೆ ಬಳಿದು ಒಂದು ರಾತ್ರಿ ಬಿಟ್ಟೆ. ಇದನ್ನು ಕೋಟೆಗೋಡೆ ಎಂದು ನಂಬಿದವರು ಕೆಟ್ಟರು; ಸ್ಪಿರಿಟ್ಟಿನ ಬಣ್ಣ ಬಿದ್ದ ಕೂಡಲೇ ಒರೆಸಲು ಸಿಗುವ ಒಂದಿಷ್ಟು ಸಮಯ, ಅಷ್ಟೇ.

ಕೆಂಪು ಅಂಚಿಗೆ ಸಪೂರ ಕುಂಚ ಸಾಕು. ಬಣ್ಣವನ್ನು ಸ್ಪಿರಿಟ್ಟಿನಲ್ಲಿ ತಿಳಿ ಮಾಡಿ, ಕುಂಚ ಅದ್ದಿ, ಬಟ್ಟೆಗೆ ಒತ್ತಿ ಮುಕ್ಕಾಲು ಪಾಲು ತೆಗೆದುಬಿಡಬೇಕು. ತುಂಬಿದ ಕುಂಚದ ತುದಿ ಗೆರೆಗೆ ತಾಗಿದರೆ ಕೊಯ್ತದ ಸಂದಿಯೇ ಕಾಲುವೆಯಾಗಿ ಬಣ್ಣ ಉದ್ದಕ್ಕೂ ಓಡುತ್ತದೆ. ಆದ್ದರಿಂದ ಗೆರೆಯಿಂದ ದೂರ, ಜಾಗದ ನಡುವೆ ಕುಂಚ ಇಟ್ಟು, ಬಣ್ಣ ತಾನಾಗಿ ಅಂಚಿನ ಕಡೆಗೆ ನಡೆಯುವುದನ್ನು ಕಾಯುತ್ತೇನೆ. ಕೂದಲೆಳೆಯಷ್ಟು ಜಾಗ ಬಿಟ್ಟರೆ ಅದೇ ತುಂಬಿಕೊಳ್ಳುತ್ತದೆ. ಒಂದೇ ಸಲ ಗಾಢವಾಗಬೇಕೆಂಬ ಆತುರ ಇಲ್ಲಿ ಸಲ್ಲದು, ತೆಳು ಪದರಗಳನ್ನು ಒಂದರ ಮೇಲೊಂದು ಕೊಡಬೇಕು. ತಿರುವು ಬಂದಲ್ಲಿ ಕೈ ತಿರುಗಿಸದೆ ಚರ್ಮವನ್ನೇ ತಿರುಗಿಸಬೇಕು. ಮಾವ ಒಂದು ಹಂತದಲ್ಲಿ ತಾಳ ಹಾಕಲು ತೊಡಗಿದರು, ನಿಲ್ಲಿಸಿ ಎಂದು ಬೇಡಿಕೊಂಡೆ.

ಕಪ್ಪಿಗೆ ಅವರದೇ ಒಂದು ಸಲಹೆ ಇತ್ತು: ವಿನೆಗರಿನಲ್ಲಿ ಕಬ್ಬಿಣದ ಮೊಳೆ ನೆನೆಹಾಕಿದ ನೀರು. ಸಲಹೆ ತಪ್ಪಲ್ಲ. ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದುದು ಇದೇ ಗುಣದಿಂದ. ಚರ್ಮದ ಒಗರು ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಒದ್ದೆ ಚರ್ಮದ ಮೇಲೆ ತುಕ್ಕು ಹಿಡಿದ ಡಬ್ಬಿ ಇಟ್ಟರೂ ಅದೇ ಗತಿ. ಆ ಕಪ್ಪು ಕೈಗೆ ಹತ್ತುವುದಿಲ್ಲ, ನಿಜ. ಆದರೆ ಅದು ನೀರಿನಂತೆ ತೆಳ್ಳಗೆ, ಹಳದಿಯ ಪಕ್ಕದಲ್ಲಿ ಅದನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ಬಾಟಲಿಯ ಕಪ್ಪನ್ನೇ ತಗ್ಗಿದ ನೆಲಕ್ಕೆ ಹಚ್ಚಿದೆ.

ಅಂಚು ಕೆಡುವ ಕಡೆಯ ಅವಕಾಶ ಬಣ್ಣವೆಲ್ಲ ಮುಗಿದ ಮೇಲೆ ಬರುತ್ತದೆ. ಒಣಗಿದ ಬಣ್ಣದ ಪುಡಿ ಮೇಲೆಯೇ ಕೂತಿರುತ್ತದೆ. ಹಾಗೆಯೇ ಹೊಳಪಿನ ಲೇಪ ಉಜ್ಜಿದರೆ ಕಪ್ಪೆಲ್ಲ ಹಳದಿಯ ಮೇಲೆ ಎಳೆದುಕೊಂಡು ಹೋಗುತ್ತದೆ. ಹಳೆಯ ಪಂಚೆಯ ತುಂಡಿನಿಂದ ಹಳದಿಯನ್ನು ಮೊದಲು, ಕಪ್ಪನ್ನು ಕೊನೆಗೆ, ಬಟ್ಟೆಗೆ ಏನೂ ಹತ್ತದಷ್ಟು ಒರೆಸಿದೆ. ಲೇಪ ನೀರಿನದ್ದು, ಸ್ಪಿರಿಟ್ಟಿನದ್ದಲ್ಲ. ಸ್ಪಂಜಿನಿಂದ ತಟ್ಟಿದ್ದು, ಉಜ್ಜಿದ್ದಲ್ಲ.

ಮಾವ ತಮ್ಮ ಹೆಗಲ ಬಟ್ಟೆ, ಬಿಳಿ ಬೈರಾಸಿನ ಮೂಲೆಯನ್ನು ಬೆರಳಿಗೆ ಸುತ್ತಿ ಕಪ್ಪಿನಿಂದ ಹಳದಿಗೆ ಎಳೆದರು. ಟ್ಯೂಬ್‌ಲೈಟಿನ ಕೆಳಗೆ ಬೈರಾಸು ಹಿಡಿದು ನೋಡಿದರು. ಕಲೆ ಇಲ್ಲ.

"ಎಲ್ಲ ಸರಿ, ಜರಿ ಎಲ್ಲಿ? ಜರಿ ಇಲ್ಲದ ಮುಂದಲೆ ಕಟ್ಟಿಕೊಂಡು ಅಭಿಮನ್ಯು ಚಕ್ರವ್ಯೂಹಕ್ಕೆ ಹೋಗುತ್ತಾನೆಯೇ?"

ಮರುದಿನ ಮಳೆಯಲ್ಲಿ ನೆನೆದುಕೊಂಡು ಹೋಗಿ ಚಿನ್ನದ ಬಣ್ಣದ ಅಕ್ರಿಲಿಕ್ ತಂದೆ. ಅದು ಇಂಗುವುದಿಲ್ಲ, ಮೇಲೆಯೇ ನಿಲ್ಲುತ್ತದೆ, ಹರಡುವ ಭಯವಿಲ್ಲ. ಹಳದಿ ಪಟ್ಟಿಯ ನಡುವೆ ಎಳೆಯಬೇಕಾದ ಆ ಒಂದು ಗೆರೆಯನ್ನು ನೀವೇ ಎಳೆಯಿರಿ ಎಂದು ಮಾವನ ಕೈಗೆ ಕುಂಚ ಕೊಟ್ಟೆ. ಕನ್ನಡಕ ಊರಲ್ಲಿ ಬಿಟ್ಟು ಬಂದಿದ್ದೇನೆ ಎಂದು ಅವರು ಅದನ್ನು ನನ್ನ ಕಡೆಗೇ ತಳ್ಳಿದರು. ಕನ್ನಡಕ ಅವರ ಅಂಗಿಯ ಜೇಬಿನಲ್ಲಿತ್ತು.