ರಾಯಚೂರಿನಿಂದ ಬೆಂಗಳೂರಿಗೆ ಟೆಲಿಪೋರ್ಟ್: ಟಿಕೆಟ್ ಎಷ್ಟಾದೀತು?

ವಿಜ್ಞಾನ ಬರೆಯುವವರನ್ನು ನಮ್ಮ ಕಡೆ ಹುಡುಗರು ಬಿಡದೆ ಕೇಳುವ ಪ್ರಶ್ನೆ ಇದು: "ಸರ್, ರಾತ್ರಿಯೆಲ್ಲಾ ಬಸ್ಸಿನಾಗ ಕುಲುಕಾಡೋ ಬದಲು ಇಲ್ಲಿ ಮಾಯ ಆಗಿ ಬೆಂಗಳೂರಾಗ ಪ್ರತ್ಯಕ್ಷ ಆಗೋ ಮಷಿನ್ ಬಂದ್ರ ಟಿಕೆಟ್ ಎಷ್ಟಾಗಬಹುದ್ರೀ?" ಆಗುತ್ತದೋ ಇಲ್ಲವೋ ಎಂಬ ವಾದ ಪಕ್ಕಕ್ಕಿರಲಿ. ಆಯಿತು ಎಂದೇ ಇಟ್ಟುಕೊಂಡು ಕರೆಂಟ್ ಬಿಲ್ ನೋಡೋಣ.

ಮೊದಲು ಬಸ್ಸು. ಸುಮಾರು 400 ಕಿ.ಮೀ., ಲೀಟರಿಗೆ 5 ಕಿ.ಮೀ., ಒಟ್ಟು 80 ಲೀಟರ್ ಡೀಸೆಲ್. 40 ಜನ ಕೂತರೆ ತಲಾ 2 ಲೀಟರ್. ಲೀಟರ್ ಡೀಸೆಲ್‌ನಲ್ಲಿರುವುದು ಹತ್ತಿರ ಹತ್ತಿರ 10 ಯೂನಿಟ್ ಶಕ್ತಿ. ತಲೆಗೆ 20 ಯೂನಿಟ್ ಬಿತ್ತು.

ಮನುಷ್ಯನನ್ನೇ ಶಕ್ತಿಯಾಗಿ ಕರಗಿಸಿ ಅಲ್ಲಿ ಮತ್ತೆ ದೇಹ ಮಾಡಬೇಕೆಂದರೆ, 70 ಕೆ.ಜಿ.ಗೆ 1.75 ಲಕ್ಷ ಕೋಟಿ ಯೂನಿಟ್. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಆರ್‌ಟಿಪಿಎಸ್‌ನ 1,720 ಮೆಗಾವ್ಯಾಟ್ ಪೂರ್ತಿ ಲೋಡಿನಲ್ಲಿ ಒಂದು ಗಳಿಗೆಯೂ ನಿಲ್ಲದೆ 116 ವರ್ಷ ಓಡಬೇಕು. ಈ ದಾರಿ ಬಂದ್.

ಅಗ್ಗದ ದಾರಿ ಎಂದರೆ ಮಾಹಿತಿ ಮಾತ್ರ ಕಳಿಸಿ, ಅಲ್ಲಿನ ಕಚ್ಚಾ ಮಾಲಿನಿಂದ ದೇಹ ಕಟ್ಟುವುದು. ದೇಹದಲ್ಲಿ ಸುಮಾರು 7×10²⁷ ಪರಮಾಣುಗಳಿವೆ. ಎರಡು ಮೀಟರ್ ಪೆಟ್ಟಿಗೆಯೊಳಗೆ ಒಂದೊಂದರ ಜಾಗವನ್ನೂ 0.01 ನ್ಯಾನೋಮೀಟರ್ ನಿಖರವಾಗಿ ಹೇಳಲು ಉದ್ದ, ಅಗಲ, ಎತ್ತರಕ್ಕೆ ತಲಾ 38 ಬಿಟ್ (ಸೊನ್ನೆ ಇಲ್ಲವೇ ಒಂದು ಎಂಬ ಗುರುತು) ಬೇಕು. ರಿಯಾಯಿತಿ ಕೊಟ್ಟು ಒಟ್ಟು 100 ಎನ್ನೋಣ. ಒಬ್ಬ ಪ್ರಯಾಣಿಕ ಎಂದರೆ 7×10²⁹ ಬಿಟ್.

ನಿಜವಾದ ತೊಡಕು ಇಲ್ಲಿದೆ. ಮುಂದಿನ ಪ್ರಯಾಣಿಕನಿಗೆ ಮೆಮೊರಿ ಖಾಲಿಯಾಗಬೇಕು. ಒಂದು ಬಿಟ್ ಅಳಿಸಲು ಕನಿಷ್ಠ ಇಷ್ಟು ಶಕ್ತಿ ಖರ್ಚಾಗಲೇಬೇಕೆಂದು 1961ರಲ್ಲಿ ಭೌತವಿಜ್ಞಾನಿ ರಾಲ್ಫ್ ಲ್ಯಾಂಡಾವರ್ ತೋರಿಸಿದರು. ಕೋಣೆಯ ಉಷ್ಣತೆಯಲ್ಲಿ ಅದು 2.9×10⁻²¹ ಜೌಲ್. ಗುಣಿಸಿದರೆ 560 ಯೂನಿಟ್ (36 ಲಕ್ಷ ಜೌಲ್ ಸೇರಿದರೆ ಒಂದು ಯೂನಿಟ್), ಯೂನಿಟ್‌ಗೆ 8 ರೂಪಾಯಿಯಂತೆ ಸುಮಾರು 4,500 ರೂಪಾಯಿ. ಯಾವ ಯಂತ್ರವೂ ಮುಟ್ಟಲಾಗದ ಈ ತಳದ ದರವೇ ಬಸ್ಸಿನ ಶಕ್ತಿಯ 28 ಪಟ್ಟು. ಮೈಯಲ್ಲಿ ಬಹುಪಾಲು ನೀರೇ ತಾನೆ, ಜಿಪ್ ಮಾಡಿ ಹತ್ತನೇ ಒಂದಕ್ಕೆ ಇಳಿಸಿದರೆ? ಆಗಲೂ 56 ಯೂನಿಟ್; ಬಸ್ಸೇ ಅಗ್ಗ.

ಈಗಿನ ಉಪಕರಣದಲ್ಲಿ ಬಿಟ್‌ಗೆ ಒಂದು ಪಿಕೋಜೌಲ್ (ಜೌಲ್‌ನ ಲಕ್ಷ ಕೋಟಿಯಲ್ಲೊಂದು ಪಾಲು) ಎಂದರೂ 19,400 ಕೋಟಿ ಯೂನಿಟ್, 1.55 ಲಕ್ಷ ಕೋಟಿ ರೂಪಾಯಿ. ಸೆಕೆಂಡಿಗೆ 10¹⁵ ಬಿಟ್ ಸಾಗಿಸುವ ಫೈಬರ್ ಕೊಟ್ಟರೂ ಕಳಿಸಿ ಮುಗಿಯಲು 2.2 ಕೋಟಿ ವರ್ಷ. (ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಫ್ರೀನಾ ಎಂದು ಕೇಳುವವರಿಗೆ: ಆ ಯೋಜನೆ ಸಾಮಾನ್ಯ ಬಸ್ಸಿಗಷ್ಟೆ.)

ಎಣಿಸುವುದೂ ಸುಲಭವಲ್ಲ. ಪರಮಾಣುಗಳನ್ನು ಒಂದೊಂದಾಗಿ ಕಿತ್ತು ಗುರುತಿಸುವ ಆಟಮ್ ಪ್ರೋಬ್ ಎಂಬ ಯಂತ್ರವಿದೆ. ಸೂಜಿಮೊನೆಯಂಥ ಚೂರನ್ನು ಗಂಟೆಗಟ್ಟಲೆ ತಿಂದು ಕೋಟಿಗಟ್ಟಲೆ ಲೆಕ್ಕ ಹಾಕುತ್ತದೆ; ಒಳ್ಳೆಯ ಯಂತ್ರದಲ್ಲೂ ಐದರಲ್ಲೊಂದು ಲೆಕ್ಕಕ್ಕೆ ಸಿಗುವುದಿಲ್ಲ. ಕಟ್ಟುವಾಗಿನ ಫಜೀತಿ ಬೇರೆ. ನೀರಿನ ಅಣು ಒಂದು ಮಿಲಿಸೆಕೆಂಡಿನಲ್ಲಿ 3–4 ಮೈಕ್ರಾನ್ ಅಲೆಯುತ್ತದೆ, ಅಂದರೆ ಕೆಂಪು ರಕ್ತಕಣದ ಅರ್ಧ ಅಗಲ. ಕಾಲು ಕಟ್ಟಿ ಎದೆಗೆ ಬರುವಷ್ಟರಲ್ಲಿ ಕಾಲಿನೊಳಗಿನದೆಲ್ಲ ಕಲಸಿಹೋಗಿರುತ್ತದೆ. ಹಾಗಾಗದಂತೆ ಹೆಪ್ಪುಗಟ್ಟಿಸುತ್ತಾ ಕಟ್ಟಬೇಕು, ಆಮೇಲೆ ಕರಗಿಸಬೇಕು.

ಕಚ್ಚಾ ಮಾಲಿನ ಲೆಕ್ಕವನ್ನಂತೂ ಯಾರೂ ಕೇಳುವುದಿಲ್ಲ. ಒಬ್ಬರಿಗೆ ಸುಮಾರು 43 ಕೆ.ಜಿ. ಆಮ್ಲಜನಕ, 16 ಕೆ.ಜಿ. ಇಂಗಾಲ, 7 ಕೆ.ಜಿ. ಜಲಜನಕ, ಒಂದು ಕೆ.ಜಿ. ಕ್ಯಾಲ್ಸಿಯಂ, ಮುಕ್ಕಾಲು ಕೆ.ಜಿ. ರಂಜಕ. ಭಾನುವಾರ ರಾತ್ರಿ ಎಲ್ಲರೂ ಬೆಂಗಳೂರಿನ ಕಡೆಗೇ ಹೊರಡುತ್ತಾರೆ. 50 ಜನರಿಗೆ ಮೂರೂವರೆ ಟನ್ ಮಾಲು ಅಲ್ಲಿ ಕಡಿಮೆ, ದೇಹ ಬಿಚ್ಚಿದ ಇಲ್ಲಿ ಹೆಚ್ಚು. ಸರಿದೂಗಿಸಲು ಅದೇ ರಸ್ತೆಯಲ್ಲಿ ಲಾರಿ ಓಡಿಸಬೇಕು!

ಪತ್ರಿಕೆಯಲ್ಲಿ ಬರುವ ಕ್ವಾಂಟಮ್ ಟೆಲಿಪೋರ್ಟೇಶನ್ ಸುಳ್ಳಲ್ಲ. 1993ರಲ್ಲಿ ಸಿದ್ಧಾಂತ, 1997ರಲ್ಲಿ ಪ್ರಯೋಗ. 2017ರಲ್ಲಿ ಚೀನಾದವರು ಉಪಗ್ರಹಕ್ಕೆ 1,400 ಕಿ.ಮೀ. ದೂರ ಮಾಡಿ ತೋರಿಸಿದರು. ಹೋಗುವುದು ಬೆಳಕಿನ ಕಣದ ಸ್ಥಿತಿಯಷ್ಟೆ, ವಸ್ತುವಲ್ಲ. ಅದಕ್ಕೂ ಒಂದಕ್ಕೊಂದು ಹೆಣೆದುಕೊಂಡ ಜೋಡಿ ಕಣಗಳನ್ನು ಎರಡೂ ಊರಿಗೆ ಮೊದಲೇ ಹಂಚಿರಬೇಕು. ಒಳ್ಳೆಯ ಫೈಬರ್‌ನಲ್ಲೂ ಕಿ.ಮೀ.ಗೆ 0.2 ಡೆಸಿಬೆಲ್, ಅಂದರೆ ಸುಮಾರು ಶೇ 4.5 ನಷ್ಟ. ಇಲ್ಲಿಂದ ಬಿಟ್ಟ ಹತ್ತು ಕೋಟಿ ಕಣಗಳಲ್ಲಿ ಬೆಂಗಳೂರು ಮುಟ್ಟುವುದು ಒಂದು.

ಜೀವವಿಲ್ಲದ ವಸ್ತುವಿಗೆ ಮಾತ್ರ ಈ ವ್ಯಾಪಾರ ಈಗಲೇ ಗಿಟ್ಟುತ್ತದೆ. ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಪ್ಲಾಸ್ಟಿಕ್ ಮುಚ್ಚಳವೊಂದು ಮುರಿದರೆ ಕೆಲವು ಎಂಬಿಯ ಫೈಲ್ ತರಿಸಿ ಅಲ್ಲೇ ತ್ರೀಡಿ ಪ್ರಿಂಟ್ ತೆಗೆಯಬಹುದು. ಅಳತೆ 0.2 ಮಿ.ಮೀ. ಆಚೀಚೆಯಾದರೆ ಅರ ಹಾಕಿ ಉಜ್ಜಿಕೊಳ್ಳಿ. ಬಿಸಿ ತಗಲುವ ಜಾಗಕ್ಕೆ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಬೇಡ, 60 ಡಿಗ್ರಿಗೇ ಮೆತ್ತಗಾಗುತ್ತದೆ, ಎಬಿಎಸ್ ಹಾಕಿಸಿ.