ಯೋಜನೆಯಲ್ಲಿ ಗೆಡ್ಡೆಗೆಣಸಿಗೂ ಜಾಗ

ಪೆಸಿಫಿಕ್ ಸಾಗರದ ವನುವಾಟು ದೇಶದ 2016–2030ರ ರಾಷ್ಟ್ರೀಯ ಯೋಜನೆಯನ್ನು ಇಂದು ಬೆಳಿಗ್ಗೆ ಓದುತ್ತಿದ್ದಾಗ, ಆಹಾರ ಭದ್ರತೆಯ ಭಾಗದ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಪೌಷ್ಟಿಕ ಊಟದ ಮುಖ್ಯ ಅಂಗವಾಗಿ ‘ಐಲನ್ ಕೈಕೈ’ಯನ್ನು, ಅಂದರೆ ಕೆಸುವಿನ ಗಡ್ಡೆ, ಗೆಣಸು, ಬಾಳೆಯಂಥ ದ್ವೀಪದ್ದೇ ಆಹಾರವನ್ನು, ಉತ್ತೇಜಿಸಬೇಕು ಎಂದು ಅಲ್ಲಿ ಬರೆದಿದೆ.

ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಎರಡನೆಯದು ಹಸಿವನ್ನು ಕೊನೆಗಾಣಿಸುವುದು. ಹಡಗಿನಲ್ಲಿ ಬರುವ ಅಕ್ಕಿ ಮತ್ತು ಡಬ್ಬಿ ಮೀನನ್ನು ನೆಚ್ಚಿಕೊಂಡೇ ಆ ಗುರಿಯತ್ತ ಸಾಗಬಹುದಿತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಪಾಮ್ ಚಂಡಮಾರುತ ಊರುಗಳನ್ನೂ ತೋಟಗಳನ್ನೂ ನೆಲಸಮ ಮಾಡಿದ್ದನ್ನು ಕಂಡ ದೇಶ, ತನ್ನ ಮಣ್ಣಿನಲ್ಲಿ ಬೆಳೆಯುವುದನ್ನೇ ಯೋಜನೆಯೊಳಗೆ ತಂದಿತು.

ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾದದ್ದು ಗುರಿಗಳ ಕ್ರಮ. ಜಾಗತಿಕ ಪಟ್ಟಿಯಲ್ಲಿ ಸಂಸ್ಕೃತಿಗೆ ಪ್ರತ್ಯೇಕ ಗುರಿಯಿಲ್ಲ. ವನುವಾಟು ತನ್ನದೇ ಆದ 15 ಗುರಿಗಳನ್ನು ಬರೆದುಕೊಂಡು, ಸಾಂಸ್ಕೃತಿಕ ಅಸ್ಮಿತೆಯನ್ನು ಮೊದಲನೆಯದಾಗಿ ಇಟ್ಟಿದೆ. ತನಗೆ ಬೇಕಾದುದನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಲೋಕದ ಗುರಿಗಳೊಡನೆ ಹೊಂದಿಸಿಕೊಳ್ಳುವುದೇ ಸರಿಯಾದ ದಾರಿ ಎಂದು ನಾನು ನಂಬುತ್ತೇನೆ.

ಕಷ್ಟ ಇರುವುದು ಅಳತೆಯಲ್ಲಿ. ಎಂಬತ್ತಕ್ಕೂ ಹೆಚ್ಚು ದ್ವೀಪಗಳಲ್ಲಿ ಹರಡಿರುವ ಸುಮಾರು 3 ಲಕ್ಷ ಜನರ ಬದುಕನ್ನು 230ಕ್ಕೂ ಮಿಕ್ಕ ಜಾಗತಿಕ ಸೂಚಕಗಳಲ್ಲಿ ಅಳೆಯುವುದು ಪುಟ್ಟ ಆಡಳಿತಕ್ಕೆ ದೊಡ್ಡ ಹೊರೆ. ನೆರವು ನೀಡುವ ದೇಶಗಳು ಬೇರೆ ಬೇರೆ ವರದಿಗಳನ್ನು ಕೇಳುವ ಬದಲು, ವನುವಾಟು ತಾನೇ ಆರಿಸಿಕೊಂಡ ಸೂಚಕಗಳನ್ನು ಒಪ್ಪಿಕೊಳ್ಳಬೇಕು.